ಟೋಪಿ ಹಾಕಿದವರ ಹೆಸರೇನು?

(1)
ಸ್ವರಾತ್ಮ ಬ್ಯಾಂಡಿನ ಒಂದು ಹಾಡನ್ನ ಸ್ಟೋರಿಗೆ ಹಾಕಿದ್ದೆ. ಬಂದ ರಿಪ್ಲೈಗಳೊಳಗ ಎರಡು ನಮೂನಿ. ಒಂದು, "ಇದ್ಯಾವ ಬ್ಯಾಂಡ್‌ಲೇ?" ಎರಡನೇದು, "ಮೊದಲ ಛಲೋ ಇದ್ರು, ಈಗ ಮೊಂಡಾಗ್ಯಾರ." ಎರಡನೇದನ್ನ ಬರೆದವರು ನಾಲ್ಕೈದು ಮಂದಿ. ಅದಕ್ಕ ಒಂದು ಎಮೋಜಿ ಒತ್ತಿ ಬಿಟ್ಟುಬಿಡಾಕ ಮನಸ್ಸಾಗಲಿಲ್ಲ. ಅದಕ್ಕ ಈ ಉದ್ದನ ಕ್ಯಾಪ್ಷನ್ ಸೀರೀಸ್. ಓದೋ ತಾಳ್ಮಿ ಇಲ್ಲದವರು ಫೋಟೊ ನೋಡಿ ಮುಂದ ಹೋಗ್ರಿ, ಬ್ಯಾಸರಿಲ್ಲ.

ಮೊದಲನೇ ನಮೂನಿಯವರಿಗೆ ಎರಡು ಸಾಲು: ಸ್ವರಾತ್ಮ ಅಂದ್ರ ಬೆಂಗಳೂರಿನ ಫೋಕ್-ರಾಕ್ ಬ್ಯಾಂಡ್. ಹಾಡೋರು ವಾಸು ದೀಕ್ಷಿತ್. 2002ರ ಸುಮಾರಿಗೆ ಶುರುವಾದದ್ದು, ಅಂದ್ರ ನಾನು ಹುಟ್ಟೋದಕ್ಕಿಂತ ಮೊದಲ. 2006ರಾಗ ರೇಡಿಯೋ ಸಿಟಿ ನಡೆಸಿದ ಬ್ಯಾಂಡ್ ಸ್ಪರ್ಧೆ ಗೆದ್ದರು. 2009ಕ್ಕ ಮೊದಲ ಆಲ್ಬಮ್, ಅದಕ್ಕ ಬ್ಯಾಂಡಿನದೇ ಹೆಸರು. 2012ಕ್ಕ 'ಟೋಪಿವಾಲೆ'. 2018ಕ್ಕ 'ರಾಹ್-ಎ-ಫಕೀರಾ'. ಹೆಚ್ಚಿನ ಹಾಡು ಹಿಂದಿ, ನಡುನಡುವ ಕನ್ನಡ. ಗಿಟಾರ್ ಜೊತಿ ವಯೊಲಿನ್, ಡ್ರಮ್ಸ್ ಜೊತಿ ನಮ್ಮ ಕಡೆ ತಾಳವಾದ್ಯ. ರಾಜಕೀಯ ಹಾಡು ಕಟ್ಟೋ ಬ್ಯಾಂಡ್ ಅಂತ ಇವರಿಗೆ ಹೆಸರು ಬಂದದ್ದು ಮುಖ್ಯವಾಗಿ ಎರಡನೇ ಆಲ್ಬಮ್‌ನಿಂದ.

ಈಗ ಪ್ರಶ್ನೆ. ಮೊಂಡಾಗ್ಯಾರೋ ಇಲ್ಲೋ?

(2)
ನನ್ನ ಉತ್ತರ ಸ್ವಲ್ಪ ಸೊಟ್ಟ ಐತಿ. ಮೊಂಡಾಗ್ಯಾರ ಅನ್ನಬೇಕಂದ್ರ ಮೊದಲ ಚೂಪಿರಬೇಕಲ್ಲ? ಎಲ್ಲಾರೂ "ಅವರ ಖಾರದ ಹಾಡು" ಅಂತ ತೋರಿಸೋ ಟೋಪಿವಾಲೆ ಹಾಡು ಅವತ್ತೂ ಅಷ್ಟು ಚೂಪಿರಲಿಲ್ಲ ಅಂತ ನನ್ನ ವಾದ.

ಹಾಡು ಮಜಾ ಐತಿ, ಅದರ ಬಗ್ಗೆ ತಕರಾರಿಲ್ಲ. ಕುಣಿಸತೈತಿ. ರಾಜಕಾರಣಿಗಳನ್ನ ಗೇಲಿ ಮಾಡತೈತಿ. ನಮ್ಮ ಮಾತಿನ್ಯಾಗ 'ಟೋಪಿ ಹಾಕೋದು' ಅಂದ್ರ ಏನಂತ ಎಲ್ಲಾರಿಗೂ ಗೊತ್ತು, ಹಂಗಾಗಿ ಹಾಡು ಹಿಂದಿಯಾದರೂ ನಮಗ ಬರೋಬ್ಬರಿ ತಿಳಿಯತೈತಿ. ಆದರ ಆ ಹಾಡಿನ ರಾಜಕಾರಣಿ ಯಾರು? ಯಾವ ಊರವ? ಯಾವ ಪಕ್ಷದವ? ಏನು ತಿಂದ? ಅದು ಹಾಡಿನ್ಯಾಗಿಲ್ಲ. ಅವ ಎಲ್ಲಾರೂ ಹೌದು, ಯಾರೂ ಅಲ್ಲ. ಆ ಹಾಡಿಗೆ ಒಬ್ಬ ಶಾಸಕರು ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳೆ ಹೊಡಿಬಹುದು. ಬಾಜೂಕ ಕುಂತ ವಿರೋಧ ಪಕ್ಷದವರ ಕಡೆ ಕೈ ತೋರಿಸಿ ನಗಬಹುದು. ಬಾಜೂದವರೂ ಇವರ ಕಡೆ ಕೈ ತೋರಿಸಿ ನಗಬಹುದು. ಇಬ್ಬರೂ ನಕ್ಕೊಂತ ಮನಿಗೆ ಹೋಗತಾರ.

ಆ ಕಾಲ ಎಂಥಾದ್ದು ಅಂತ ನೋಡ್ರಿ. 2011ರ ಜುಲೈದಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ವರದಿ ಕೊಟ್ಟರು. ಬಳ್ಳಾರಿ ಅದಿರಿನ ವರದಿ. ನಾವಾಗ ಒಂದನೇತ್ತೆ ಅಂಚಿನ್ಯಾಗಿದ್ವಿ, ನೆನಪಿಲ್ಲ. ಆದರ ಮುಂಡರಗಿ ದಾಟಿ ತುಂಗಭದ್ರಾ ಸೇತುವೆ ಮ್ಯಾಲೆ ಹೋದ್ರ ಅವತ್ತಿನ ಬಳ್ಳಾರಿ ಜಿಲ್ಲಾ ಶುರುವಾಗತಿತ್ತು, ಹಂಗಾಗಿ ನಮ್ಮ ಮನ್ಯಾಗಿನ ದೊಡ್ಡವರಿಗೆ ಇದು ದೂರದ ಸುದ್ದಿ ಅಲ್ಲ. ಆ ವರದಿಯೊಳಗ ಹೆಸರು ಇದ್ದವು. ಅಧಿಕಾರಿಗಳ ಹೆಸರು, ಕಂಪನಿಗಳ ಹೆಸರು, ಆಳುವವರ ಹೆಸರು. ವರದಿ ಬಂದ ವಾರದೊಳಗ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಮುಂದಿನ ವರ್ಷ ಟೋಪಿವಾಲೆ ಬಂತು. ಅದರಾಗ ಒಂದೂ ಹೆಸರಿಲ್ಲ. ನಿವೃತ್ತ ನ್ಯಾಯಮೂರ್ತಿಯೊಬ್ಬರ ಸರ್ಕಾರಿ ವರದಿ ರಾಕ್ ಹಾಡಿಗಿಂತ ಹೆಚ್ಚು ಖಾರ ಇತ್ತು ಅಂದ್ರ ರಾಕ್ ಹಾಡಿನ ಬಗ್ಗೆ ಏನ್ ಹೇಳೂದು?

(3)
"ಹೆಸರು ತಗೊಂಡ್ರ ಅಷ್ಟೇ ಹಾಡೇನು?" ಅಂತ ಕೇಳತೀರಿ. ಅಲ್ಲ. ಆದರ ಹೆಸರು ತಗೊಂಡ ಹಾಡು ಹೆಂಗಿರತೈತಿ ಅಂತ ನೋಡಬೇಕಂದ್ರ ಲಂಡನ್ನಿಗೆ ಹೋಗಬೇಕಿಲ್ಲ. ಸಿದ್ದಲಿಂಗಯ್ಯ ಅವರನ್ನ ಓದ್ರಿ. ಅದಕ್ಕಿಂತ ಛಲೋ, ಕೇಳ್ರಿ.

1975ರಾಗ 'ಹೊಲೆಮಾದಿಗರ ಹಾಡು' ಬಂತು. ಹೆಸರಿನ್ಯಾಗ ಯಾರ ಹಾಡು ಅಂತ ಹೇಳೇಬಿಟ್ಟಾರ. 47ರ ಸ್ವಾತಂತ್ರ್ಯ ಯಾರ ಪಾಲಿಗೆ ಬಂತು ಅಂತ ಕೇಳೋ ಅವರ ಹಾಡೊಂದೈತಿ, ನೀವೆಲ್ಲಾ ಒಮ್ಮೆಯಾದರೂ ಕೇಳಿರತೀರಿ. ಆಗಸ್ಟ್ 15ಕ್ಕ ಯಾರಾದರೂ ಒಬ್ಬರು ಸ್ಟೇಟಸ್ ಹಾಕೇ ಹಾಕತಾರ. ಆ ಹಾಡು "ಶ್ರೀಮಂತರು" ಅಂತ ಅಂದು ಬಿಡಂಗಿಲ್ಲ. ಸ್ವಾತಂತ್ರ್ಯ ಯಾರ ಜೇಬಿನ್ಯಾಗ ಹೋಗಿ ಕುಂತತಿ ಅಂತ ದೇಶದ ದೊಡ್ಡ ದೊಡ್ಡ ಉದ್ಯಮಿಗಳ ಹೆಸರು ಹಿಡಿದು ಹೇಳತೈತಿ. ಬಂದದ್ದು ಎಲ್ಲಿಗೆ, ಬರಲಾರದ್ದು ಯಾರ ಮನಿಗೆ, ಎಲ್ಲಾ ವಿಳಾಸ ಸಮೇತ. ಪೋಸ್ಟ್‌ಮ್ಯಾನ್‌ಗೆ ಕೊಟ್ಟರ ಮುಟ್ಟಿಸಿ ಬರಬಹುದು, ಅಷ್ಟು ಖಚಿತ.

ಹಾಡಿನ ಮೊನಿ ಇರೋದು ಅಲ್ಲೇ. ಮುಂದ ಕುಂತವರೊಳಗ ಒಬ್ಬನಾದರೂ ಚಪ್ಪಾಳೆ ಹೊಡಿಯೂದನ್ನ ನಿಲ್ಲಿಸಬೇಕು. ಎಲ್ಲಾರೂ ಚಪ್ಪಾಳೆ ಹೊಡದ್ರ ಅದು ಗ್ಯಾದರಿಂಗ್ ಹಾಡು. (ಗ್ಯಾದರಿಂಗ್ ಹಾಡಿಗೆ ನನ್ನ ವಿರೋಧ ಏನಿಲ್ಲ. ಎರಡು ವರ್ಷದಿಂದ ನಾನೇ ಹಿಂದ ನಿಂತು ಕೋರಸ್ ಹಾಡಾಕತ್ತೀನಿ.)

(4)
ಇಲ್ಲೊಂದು ವಿಚಿತ್ರ ಐತಿ, ಅದನ್ನ ಬಿಟ್ಟು ಹೋದ್ರ ನನ್ನ ವಾದ ಅಗ್ಗದ್ದಾಗತೈತಿ. "ಮೊದಲ ಖಾರ ಇದ್ದರು, ಆಮ್ಯಾಲೆ ಮೆತ್ತಗಾದರು" ಅನ್ನೋ ಮಾತು ಸ್ವರಾತ್ಮಕ್ಕಿಂತ ಎಷ್ಟೋ ಮೊದಲ ಸಿದ್ದಲಿಂಗಯ್ಯನವರಿಗೇ ಅಂದಾರ. 1988ರಾಗ ಅವರು ವಿಧಾನ ಪರಿಷತ್ ಸದಸ್ಯರಾದರು. ಆಮ್ಯಾಲೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಪುಸ್ತಕ ಪ್ರಾಧಿಕಾರ ಅಂತ ಸರ್ಕಾರದ ಕುರ್ಚಿ ಮ್ಯಾಲೆ ಕುಂತರು. ಜಗಳ ಆಡೋ ಕವಿ ನಗಿಸೋ ಭಾಷಣಕಾರ ಆದರು ಅಂತ ಹಳೇ ಸಂಗಾತಿಗಳು ಬೇಜಾರ ಮಾಡಿಕೊಂಡರು. 2021ರ ಜೂನ್‌ನಾಗ ಕೊರೊನಾದಿಂದ ತೀರಿಕೊಂಡರು.

ಈಗ ಹೇಳ್ರಿ. ಮನುಷ್ಯಾ ಮೆತ್ತಗಾದರು ಅಂತ ಇಟ್ಟುಕೊಳ್ಳೂನು. ಹಾಡು ಮೆತ್ತಗಾತೇನು? ಇಲ್ಲ. ಯಾಕಂದ್ರ ಅಷ್ಟೊತ್ತಿಗೆ ಹಾಡು ಅವರ ಕೈಯಾಗ ಇರಲೇ ಇಲ್ಲ. ದಲಿತ ಸಂಘರ್ಷ ಸಮಿತಿ ಹುಡುಗರು ಊರೂರಿಗೆ ಒಯ್ದಿದ್ದರು. ಹಲಗಿ ಬಡಿಯೋರ ಬಾಯಾಗ, ಧರಣಿ ಶಾಮಿಯಾನಾದಾಗ, ಹಾಸ್ಟೆಲ್ ಹುಡುಗ್ಯಾರ ನೋಟ್‌ಬುಕ್‌ನಾಗ ಇತ್ತು. ಕವಿ ಪರಿಷತ್ತಿನ್ಯಾಗ ಕುಂತ ಹೊತ್ತಿನ್ಯಾಗ ಅವರ ಹಾಡು ವಿಧಾನಸೌಧದ ಹೊರಗ ಅದೇ ಸರ್ಕಾರದ ವಿರುದ್ಧ ಧರಣಿ ಕುಂತಿರಬಹುದು. ಬರೆದವನಿಗೇ ಎದುರಾಗಿ ನಿಲ್ಲೋ ತಾಕತ್ತು ಆ ಹಾಡಿಗಿತ್ತು.

ಬ್ಯಾಂಡಿನ ಹಾಡಿಗೆ ಇದು ಆಗಂಗಿಲ್ಲ. ಟೋಪಿವಾಲೆಯನ್ನ ಧರಣಿಯೊಳಗ ಯಾರು ಹಾಡತಾರ? ಅದಕ್ಕ ವಯೊಲಿನ್ ಬೇಕು, ಬೇಸ್ ಬೇಕು, ವಾಸು ದೀಕ್ಷಿತರ ಧ್ವನಿ ಬೇಕು. ಹಾಡು ಬ್ಯಾಂಡಿನ ಬೆನ್ನಿಗೇ ಅಂಟಿಕೊಂಡು ಇರತೈತಿ. ಬ್ಯಾಂಡಿಗೆ ವಯಸ್ಸಾದ್ರ ಹಾಡಿಗೂ ವಯಸ್ಸಾಗತೈತಿ. ಅದಕ್ಕ "ಮೊಂಡಾಗ್ಯಾರ" ಅನ್ನೋ ಮಾತು ಬ್ಯಾಂಡ್‌ಗಳಿಗೆ ಬರೋವಷ್ಟು ಸಲೀಸಾಗಿ ಹೋರಾಟದ ಹಾಡಿಗೆ ಬರಂಗಿಲ್ಲ.

(5)
ಬಿಕಾಂ ಓದೋ ಹುಡುಗ, ಲೆಕ್ಕಾ ಬಿಟ್ಟು ಹೆಂಗ ಹೋಗಲಿ.

ಹಲಗಿ ಮತ್ತ ಗಂಟಲು: ಫಿಕ್ಸೆಡ್ ಕಾಸ್ಟ್ ಹತ್ತಿರ ಹತ್ತಿರ ಸೊನ್ನೆ. ಐದಾರು ಮಂದಿ ರಾಕ್ ಬ್ಯಾಂಡ್: ವಾದ್ಯ, ಸೌಂಡ್ ಎಂಜಿನಿಯರ್, ರಿಹರ್ಸಲ್ ಜಾಗ, ಪ್ರಯಾಣ, ರೆಕಾರ್ಡಿಂಗ್. ಇದನ್ನೆಲ್ಲಾ ಟಿಕೆಟ್ ರೊಕ್ಕದಾಗ ತೂಗಸಾಕ ಆಗಂಗಿಲ್ಲ. ಹಂಗಾಗಿ ಕಾರ್ಪೊರೇಟ್ ಶೋ, ಕಾಲೇಜ್ ಫೆಸ್ಟ್, ಪ್ರಾಯೋಜಕರು. ಸ್ವರಾತ್ಮ ಮೇಲ ಬಂದದ್ದು ಒಂದು ಎಫ್‌ಎಂ ಕಂಪನಿಯ ಸ್ಪರ್ಧೆಯಿಂದ. 2011ರಾಗ ಶುಭಾ ಮುದ್ಗಲ್ ಅವರ ಜೊತಿ ಭಾಳ ಚಂದ ಹಾಡು ಮಾಡಿದ್ದು 'ದಿ ಡ್ಯೂವರಿಸ್ಟ್ಸ್' ಅನ್ನೋ ಕಾರ್ಯಕ್ರಮದಾಗ. ಆ ಕಾರ್ಯಕ್ರಮದ ಹೆಸರೇ ಒಂದು ವಿಸ್ಕಿ ಬ್ರ್ಯಾಂಡಿನದು.

ಇದನ್ನ ಪಾಪ ಅಂತ ಹೇಳಾಕತ್ತಿಲ್ಲ. ಅವರೂ ಊಟಾ ಮಾಡಬೇಕು. ಆದರ ಹೆಸರು ತಗೊಳ್ಳೋ ಹಾಡಿಗೆ ಪ್ರಾಯೋಜಕ ಸಿಗೂದು ಕಷ್ಟ, ಹೆಸರಿಲ್ಲದ ಹಾಡಿಗೆ ಸಲೀಸು. ಹಿಂಗಿದ್ದಾಗ ಯಾರೂ ಬಂದು ಬ್ಯಾಂಡಿನವರ ಬಾಯಿ ಮುಚ್ಚಬೇಕಂತಿಲ್ಲ. ಮಾರ್ಕೆಟ್ ತಾನ ಹಾಡನ್ನ ನುಣುಪು ಮಾಡತೈತಿ. ಕೇಳೋರಾದ ನಾವೂ ಇದರಾಗ ಪಾಲುದಾರರು. ಒಂದು ಹಾಡಿಗೂ ರೊಕ್ಕಾ ಕೊಡದ ನಮ್ಮ ಜನರೇಶನ್, "ಬ್ಯಾಂಡಿನವರು ಮಾರಿಕೊಂಡರು" ಅಂತ ಫ್ರೀ ಆ್ಯಪ್‌ನಾಗ ಕಾಮೆಂಟ್ ಹಾಕತೈತಿ.

(6)
ಇನ್ನ ಅವರ ಪರವಾಗಿ. ಯಾಕಂದ್ರ ಸ್ವರಾತ್ಮ ನಿಜವಾಗಿ ಚೂಪಾಗಿರೋ ಹಾಡು ಅದಾವ, ಅವನ್ನ ಯಾರೂ 'ರಾಜಕೀಯ ಹಾಡು' ಅಂತ ಕರಿಯಂಗಿಲ್ಲ, ಅಷ್ಟೇ.

ಮೊದಲ ಆಲ್ಬಮ್‌ನಾಗ 'ಪ್ಯಾಸಿ' ಅಂತ ಒಂದೈತಿ. ಪ್ಯಾಸಿ ಅಂದ್ರ ಬಾಯಾರಿದವಳು. ಬಾಯಾರಿದವಳು ಯಾರು? ಕಾವೇರಿ. ನದಿಯ ಕಡಿಂದ ಹಾಡು. ಈಗ ಇದನ್ನ ಬೆಂಗಳೂರಿನ ಸ್ಟೇಜ್ ಮ್ಯಾಲೆ ಹಾಡೂದು ಅಂದ್ರ ಏನಂತ ವಿಚಾರ ಮಾಡ್ರಿ. ಕಾವೇರಿ ವಿಷಯದಾಗ ನಮ್ಮ ರಾಜ್ಯದಾಗ ಒಂದೇ ಸಾಲು ನಡಿಯತೈತಿ, ನಮ್ಮ ನೀರು ನಮಗ. 2016ರ ಸೆಪ್ಟೆಂಬರ್‌ನಾಗ ಅದೇ ಬೆಂಗಳೂರಾಗ ಬಸ್ ಸುಟ್ಟರು. ಅಂಥಾ ಊರಾಗ "ಕರ್ನಾಟಕದ ಪಾಲೆಷ್ಟು, ತಮಿಳುನಾಡಿನ ಪಾಲೆಷ್ಟು" ಅಂತ ಕೇಳದ, ನದಿಗೇ ನೀರಡಿಕೆ ಆಗೇತಿ ಅಂತ ಹಾಡೂದು ತನ್ನ ಮುಂದ ಕುಂತ ಮಂದಿಗೇ ಚುಚ್ಚೂದು. ಈ ಹಾಡಿಗೆ ಒಬ್ಬ ಚಪ್ಪಾಳೆ ನಿಲ್ಲಿಸಬಹುದು. ಇದರಾಗ ಹೆಸರಿಲ್ಲ ಅಂತೀರೇನು? ಐತಿ. ಕೇಳಾಕ ಕುಂತವರದೇ ಹೆಸರು.

ಎರಡನೇದು 'ಘುಮ್'. ಟೋಪಿವಾಲೆ ಆಲ್ಬಮ್‌ನಾಗೇ ಐತಿ. ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್‌ನಾಗ, ಹಾಡೂ ಅದೇ ವರ್ಷದ್ದು. ಈ ವಿಷಯದ ಬಗ್ಗೆ ನಮ್ಮ ಮನಿಗಳೊಳಗ ಇವತ್ತಿಗೂ ಯಾರೂ ಬಾಯಿ ಬಿಡಂಗಿಲ್ಲ, ಬಿಟ್ಟರ "ಮನಿ ಮರ್ಯಾದಿ" ಅಂತಾರ. ರಾಜಕಾರಣಿಗೆ ಬೈಯಾಕ ಧೈರ್ಯ ಬೇಕಾಗಿಲ್ಲ, ಪಾನ್ ಅಂಗಡಿ ಮುಂದ ನಿಂತು ಎಲ್ಲಾರೂ ಬೈತಾರ. ಮನಿಯೊಳಗಿನವರಿಗೆ ಬೈಯಾಕ ಬೇಕು. ಘುಮ್ ಅದನ್ನ ಮಾಡಿತು.

ಅಂದ್ರ ಅವರ ಮೊನಿ ಇದ್ದದ್ದು ಒಂದು ಕಡೆ, ನಾವು ಹುಡುಕಿದ್ದು ಇನ್ನೊಂದು ಕಡೆ.

(7)
ಮೂರನೇ ಆಲ್ಬಮ್ ಬಂದಾಗ "ಮೊಂಡಾಗ್ಯಾರ" ಅನ್ನೋ ಮಾತು ಜೋರಾತು. ರಾಹ್-ಎ-ಫಕೀರಾ, ಫಕೀರನ ದಾರಿ. ಹೆಸರು ಕೇಳಿದ ಕೂಡಲೇ ಮಂದಿ ಅಂದರು, ಮುಗೀತು, ಇನ್ನ ಇವರು ಅಧ್ಯಾತ್ಮ.

ಇದನ್ನ ಬೆಂಗಳೂರಿನವರು ಅಂದ್ರ ಒಪ್ಪತೀನಿ. ನಮ್ಮ ಕಡೆಯವರು ಅನ್ನಬಾರದು. ಶಿರಹಟ್ಟಿಗೆ ಹೋದವರಿಗೆ ಫಕೀರ ಅಂದ್ರ ಏನಂತ ಹೇಳಿಕೊಡಬೇಕೇನು? ಫಕೀರೇಶ್ವರ ಮಠಕ್ಕ ಹಿಂದೂಗಳೂ ಮುಸಲ್ಮಾನರೂ ನಡಕೊಳ್ಳತಾರ. ಅದು ಎಷ್ಟೋ ತಲಿಯಿಂದ ಬಂದದ್ದು. ಇವತ್ತಿನ ದಿನದಾಗ ಅದಕ್ಕಿಂತ ದೊಡ್ಡ ರಾಜಕೀಯ ಮಾತು ಯಾವುದೈತಿ? ಲಕ್ಷ್ಮೇಶ್ವರದಿಂದ ದೂರಿಲ್ಲದ ಶಿಶುನಾಳಕ್ಕ ಹೋಗ್ರಿ. ಶರೀಫಜ್ಜ, 1819ರಿಂದ 1889. ಮುಸಲ್ಮಾನರ ಮಗ, ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಎರಡೂ ಕಡೆಯವರ ಕಡಿಂದ ಮಾತು ಕೇಳಿಕೊಂಡರು. ಅವರ ಪದ ಮ್ಯಾಲಿಂದ ನೋಡಿದ್ರ ಹುಕ್ಕಾ, ಗಿರಣಿ, ಸೋರೋ ಮನಿ. ಒಳಗ ಬ್ಯಾರೇನೇ ಐತಿ. ಸೋರೋ ಮನಿ ಹಾಡನ್ನ ಕೇಳಿದ ಮುದುಕರು ದೇಹದ ಬಗ್ಗೆ ಅಂತಾರ, ನನಗ ಮಾತ್ರ ಪ್ರತಿ ಮಳಿಗಾಲಕ್ಕೂ ಅದು ಸರ್ಕಾರದ ಬಗ್ಗೇನೇ ಅನಸತೈತಿ.

ಅದೇ ಹಾಡನ್ನ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಾಗ ರಾಕ್ ಮಾಡಿದರು. ನಮ್ಮ ವಯಸ್ಸಿನವರಿಗೆ ಶರೀಫಜ್ಜನ್ನ ಇಯರ್‌ಫೋನ್‌ನಾಗ ತಂದುಕೊಟ್ಟದ್ದು ಆ ಆಲ್ಬಮ್, ಅದಕ್ಕಿಂತ ಮೊದಲ ನಮ್ಮ ಅಪ್ಪಂದಿರಿಗೆ ಕ್ಯಾಸೆಟ್‌ನಾಗ ತಂದುಕೊಟ್ಟದ್ದು ಸಿ. ಅಶ್ವತ್ಥ್. ಆದರ ಒಂದು ಮಾತು: ದೊಡ್ಡ ಸ್ಟೇಜಿನ್ಯಾಗ, ಬಣ್ಣದ ಲೈಟಿನ್ಯಾಗ, ಎರಡು ಸಾವಿರ ಮಂದಿ ಕೈ ಎತ್ತಿ ಕುಣಿಯೋವಾಗ ಆ ಪದ ಹಬ್ಬ ಆಗತೈತಿ. ಭಜನಿ ಮ್ಯಾಳದಾಗ ನಾಲ್ಕು ಮಂದಿ ಕುಂತು ಏಕತಾರಿ ಮ್ಯಾಲೆ ಹಾಡಿದಾಗ ಅದು ಪ್ರಶ್ನೆ ಆಗತೈತಿ. ಸಾಲು ಅವೇ.

ಹಂಗಾಗಿ ಫಕೀರನ ದಾರಿ ಹಿಡಿದದ್ದಕ್ಕ ಸ್ವರಾತ್ಮದ ಮ್ಯಾಲೆ ನನ್ನ ತಕರಾರಿಲ್ಲ. ಅವರ ಫಕೀರ ಯಾವ ಊರಾಗೂ ಇಳಿಯಂಗಿಲ್ಲ, ಅದು ತಕರಾರು. ಸುಮ್ನ ದಾರಿ ನಡಕೋತ ಹೋಗತಾನ. ಶರೀಫಜ್ಜ ಊರಾಗ ಕುಂತು, ಊರ ಮಂದಿ ಜೊತಿ ಜಗಳಾಡಿ ಪದ ಕಟ್ಟಿದವ.

(8)
ಹೊರದೇಶದ್ದು ಒಂದೇ ಉದಾಹರಣೆ. ಐರ್ಲೆಂಡಿನ ಯು2 ಬ್ಯಾಂಡ್. 1972ರ ಜನವರಿಯ ಒಂದು ಭಾನುವಾರ ಡೆರಿ ಅನ್ನೋ ಊರಾಗ ಸೈನಿಕರು ಮೆರವಣಿಗಿ ಮಂದಿ ಮ್ಯಾಲೆ ಗುಂಡು ಹಾರಿಸಿದರು. 1983ರಾಗ ಇವರು ಅದರ ಮ್ಯಾಲೆ ಹಾಡು ಮಾಡಿದರು, ಹೆಸರಿನ್ಯಾಗೇ ಆ ಭಾನುವಾರ ಐತಿ. 2014ಕ್ಕ ಬಂದ್ರ ಅದೇ ಬ್ಯಾಂಡಿನ ಹೊಸ ಆಲ್ಬಮ್ ಆ್ಯಪಲ್ ಕಂಪನಿ ಮೂಲಕ ಕೋಟಿಗಟ್ಟಲೆ ಮಂದಿಯ ಅಕೌಂಟಿಗೆ ಕೇಳದನ ಬಂದು ಬಿತ್ತು. ಮಂದಿ ಸಿಟ್ಟಾದರು, ತೆಗೆದುಹಾಕೂದು ಹೆಂಗ ಅಂತ ಕೇಳಿದರು. ಒಂದು ಊರಿನ, ಒಂದು ದಿನದ ಹಾಡಿನಿಂದ ಎಲ್ಲಾರ ಫೋನಿಗೆ ಹೋಗೋ ಹಾಡಿನ ತನಕ. ಇದರ ಮುಂದ ನಮ್ಮ ಸ್ವರಾತ್ಮ ಎಷ್ಟೋ ಪಾಡ.

(9)
ಈಗ ನಮ್ಮ ಜಿಲ್ಲಾಕ್ಕ ಬರೂನು, ಇಷ್ಟೊತ್ತು ಸುತ್ತು ಹಾಕಿದ್ದು ಅದಕ್ಕೇ.

ಲೋಕಾಯುಕ್ತ ವರದಿ ಬಂತಲ್ಲ 2011ರ ಜುಲೈದಾಗ, ಅದೇ ತಿಂಗಳು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ರೈತರು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಂಗಿಲ್ಲ ಅಂತ ಗೆದ್ದರು. ಸುಮಾರು 32 ಸಾವಿರ ಕೋಟಿ ರೂಪಾಯಿ ಯೋಜನೆ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದ ನಿಂತರು. ಸರ್ಕಾರ ಹಿಂದ ಸರೀತು. 2013ಕ್ಕ ಕಂಪನಿಯೂ ಯೋಜನೆ ಕೈಬಿಟ್ಟಿತು. ಆಮ್ಯಾಲೆ ಕಪ್ಪತಗುಡ್ಡ: 2015ರಾಗ ಸಂರಕ್ಷಿತ ಪ್ರದೇಶ ಅಂತ ಆದೇಶ ಮಾಡಿದರು, 2016ರಾಗ ತಾವ ವಾಪಸ್ ತಗೊಂಡರು, ಗದಗದಾಗ ಧರಣಿ ಆದವು, 2017ರಾಗ ಮತ್ತ ಕೊಟ್ಟರು, 2019ರಾಗ ವನ್ಯಜೀವಿ ಧಾಮ ಆತು. ಇನ್ನ ನರಗುಂದ. 1980ರ ಜುಲೈ 21ರ ಗೋಲಿಬಾರ್. ಅದೇ ನರಗುಂದದಾಗ 2015ರಿಂದ ಮಹದಾಯಿ ನೀರಿಗಾಗಿ ರೈತರು ಧರಣಿ ಕುಂತರು.

ಒಂದು ಸಣ್ಣ ಜಿಲ್ಲಾದಾಗ ಇಷ್ಟು. ಊರು ಅದಾವ, ತಾರೀಕು ಅದಾವ, ಕಂಪನಿ ಹೆಸರು ಐತಿ, ಆದೇಶಕ್ಕ ಸಹಿ ಮಾಡಿದವರ ಹೆಸರೂ ಐತಿ. ನನ್ನ ಪ್ಲೇಲಿಸ್ಟಿನ ಯಾವ ಬ್ಯಾಂಡಿನ ಹಾಡಿನ್ಯಾಗೂ ಇವಿಲ್ಲ. ಕಾವೇರಿಗೆ ಹಿಂದಿಯೊಳಗಾದರೂ ಒಂದು ರಾಕ್ ಹಾಡು ಸಿಕ್ಕಿತು. ನನ್ನ ಇಯರ್‌ಫೋನ್‌ನಾಗ ಮಲಪ್ರಭಾ ಇಲ್ಲ.

"ಹೆಸರು ತಗೊಂಡ್ರ ಕೇಸ್ ಬೀಳತೈತಿ, ನಿಂಗೇನು, ಬರೀತಿ" ಅಂತ ಒಬ್ಬ ದೋಸ್ತ್ ಆಗಲೇ ಮೆಸೇಜ್ ಹಾಕ್ಯಾನ. ಅವನ ಮಾತು ಖರೆ ಐತಿ. ಬ್ಯಾಂಡಿನವರಿಗೆ ಹೆಂಡ್ರು ಮಕ್ಕಳು ಅದಾರ, ಇಎಂಐ ಅದಾವ. ಹಂಗಂತ ದಾರಿನೇ ಇಲ್ಲಂತಲ್ಲ. ನಮ್ಮ ಗೀಗೀ ಮ್ಯಾಳದವರು ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಾರ: ಹರದೇಶಿ ಒಂದು ಪ್ರಶ್ನೆ ಒಗೀತಾನ, ನಾಗೇಶಿ ಅದಕ್ಕ ತಿರುಗಿ ಕೊಡತಾಳ, ಕುಂತ ಮಂದಿಗೆ ಯಾರ ಬಗ್ಗೆ ಮಾತಾಡಾಕತ್ತಾರ ಅಂತ ಸರಿಯಾಗಿ ಗೊತ್ತಾಗತೈತಿ, ಕೋರ್ಟಿನ್ಯಾಗ ಸಾಬೀತು ಮಾಡಾಕ ಆಗಂಗಿಲ್ಲ. ಶರೀಫಜ್ಜನೂ ಇದೇ ಜಾಡಿನವ. ಒಂದು ಡ್ರಮ್ ಸೆಟ್ಟು, ಒಂದು ಬೇಸ್ ಗಿಟಾರ್ ಇದಕ್ಕ ಕೂಡಿಸಾಕ ಬೆಂಗಳೂರಿಂದ ಪರ್ಮಿಷನ್ ಬೇಕೇನು?

ಸ್ವರಾತ್ಮದವರು ಗದಗಿಗೆ ಬಂದು ಶೋ ಮಾಡಿದ್ರ ನಾ ಟಿಕೆಟ್ ರೊಕ್ಕಾ ಕೊಟ್ಟು ಹೋಗತೀನಿ. ಪ್ಯಾಸಿ ಹಾಡ್ರಿ ಅಂತ ಹಿಂದಿಂದ ಕೂಗತೀನಿ. ಟೋಪಿವಾಲೆಗೂ ಕುಣೀತೀನಿ, ಅದು ಬ್ಯಾರೆ ಮಾತು.

ಕಾಮೆಂಟಿಗೆ ಒಂದು ಕೆಲಸ ಕೊಡತೀನಿ. ನಿಮ್ಮೂರಾಗ ಯಾರನ್ನಾದರೂ ಗುರಿ ಇಟ್ಟು ಕಟ್ಟಿದ ಪದ ಇನ್ನೂ ಮಂದಿ ಬಾಯಾಗ ಐತೇನು? ಗೀಗೀ, ಡೊಳ್ಳಿನ ಪದ, ಹಂತಿ ಪದ, ಸೋಬಾನ, ಹೋರಾಟದ ಹಾಡು, ಯಾವುದಾದರೂ ನಡಿಯತೈತಿ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರು ಮನ್ಯಾಗಿನ ಆಯಿ, ಅಜ್ಜಂದಿರನ್ನ ಕೇಳಿ ವಾಯ್ಸ್ ನೋಟ್ ಕಳಸ್ರಿ. ಬೆಟಗೇರಿಯವರು ನೇಕಾರರ ಓಣಿಯಾಗ ಕೇಳ್ರಿ. ನಮ್ಮ ಕ್ಲಾಸಿನ್ಯಾಗ ಗಿಟಾರ್ ಬಾರಿಸೋರು ಇಬ್ಬರು ಅದಾರ, ಅವರಿಗೆ ಈ ಪೋಸ್ಟ್ ಟ್ಯಾಗ್ ಮಾಡೀನಿ.

#ಸ್ವರಾತ್ಮ #ಟೋಪಿವಾಲೆ #ಗದಗಬೆಟಗೇರಿ #ಮುಂಡರಗಿ #ಶಿರಹಟ್ಟಿ #ಲಕ್ಷ್ಮೇಶ್ವರ #ಕಪ್ಪತಗುಡ್ಡ #ಬಿಕಾಂಹುಡುಗನಲೆಕ್ಕ